ರಾವಿ ಹೋಟೆಲಿನ ಲಾಹೋರು

ದೀವಾನಚಂದನಷ್ಟು ಸಲೀಸಾಗಿ ಅಳುವ ಇನ್ನೊಬ್ಬ ಗಂಡಸನ್ನು ನಾನು ಕಂಡಿಲ್ಲ. ಕೆಲವರಿಗೆ ಆಕಳಿಕೆ ಬರುವ ಹಾಗೆ ಅವನಿಗೆ ಅಳು ಬರುತ್ತಿತ್ತು. ಚಹಾ ಕುಡಿಯುತ್ತ ಅಳುತ್ತಿದ್ದ. ಅತ್ತು ಮುಗಿಸಿ ಅದೇ ಕರವಸ್ತ್ರದಿಂದ ಮೀಸೆಗೆ ಹತ್ತಿದ ಕೆನೆ ಒರೆಸಿಕೊಂಡು ಇನ್ನೊಂದು ಸಮೋಸಾಕ್ಕೆ ಹೇಳುತ್ತಿದ್ದ.

ಅವನು ಅಳುತ್ತಿದ್ದದ್ದು ಲಾಹೋರಿಗಾಗಿ. ದೇಶ ಒಡೆದಾಗ ಅಲ್ಲಿಂದ ಹೆಂಡತಿ ಶೀಲಾವತಿಯನ್ನು ಕರೆದುಕೊಂಡು ಮುಂಬಯಿಗೆ ಬಂದವನು. ಅಂಧೇರಿ ಸ್ಟೇಷನ್ನಿನ ಹೊರಗೆ ರೊಟ್ಟಿ-ದಾಲ್ ಮಾರುತ್ತ ಶುರುಮಾಡಿ, ಇಪ್ಪತ್ತು ವರ್ಷದಲ್ಲಿ ವಿಮಾನ ನಿಲ್ದಾಣದ ರಸ್ತೆಯ ಮೇಲೆ ಮೂರು ಮಾಳಿಗೆಯ ಹೋಟೆಲು ಎಬ್ಬಿಸಿದ. ಅದಕ್ಕೆ ತನ್ನ ಊರಿನ ನದಿಯ ಹೆಸರು, ರಾವಿ, ಇಟ್ಟ. ಬಾಗಿಲು ತೆರೆದ ಕೂಡಲೇ ಎದುರಿಗೆ ಸಿಗುವ ದೊಡ್ಡ ಗೋಡೆ ಖಾಲಿ ಬಿಡಿಸಿದ್ದ. ಅದರ ಮೇಲೆ ತನ್ನ ಲಾಹೋರು ಬರಬೇಕು, ಅದೂ ಚೀನಿಮಣ್ಣಿನ ಟೈಲ್ಸಿನಲ್ಲಿ ಬರಬೇಕು ಎಂದು ಅವನ ಹಟ. ಮೊಗಲರ ಕಾಲದಲ್ಲಿ ಆ ಊರಿನ ಗೋಡೆಗಳಿಗೆಲ್ಲ ಬಣ್ಣದ ಟೈಲ್ಸ್ ಇದ್ದವಂತೆ. ಬಣ್ಣದ ಕ್ಯಾನ್ವಾಸು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಟೈಲ್ಸ್ ಮಾತ್ರ ನೂರು ವರ್ಷ ಇರುತ್ತದೆ ಎನ್ನುತ್ತಿದ್ದ.

ನಾನು ಟೈಲ್ಸ್ ಹಚ್ಚುವ ಮಿಸ್ತ್ರಿ, ಸಿದ್ದರಾಮಪ್ಪ. ಸಿಂದಗಿ ಕಡೆಯವನು. ದಹಿಸರಿನ ಚಾಳಿನಲ್ಲಿ ಮನೆ. ಮುಂಬಯಿಗೆ ಬಂದ ಹದಿನೈದು ವರ್ಷದಲ್ಲಿ ಸಾಹುಕಾರರ ಬಾತ್‌ರೂಮು ಬಿಟ್ಟು ಬೇರೆ ಯಾವ ಕೋಣೆಯನ್ನೂ ನೋಡಿದವನಲ್ಲ. ಬಣ್ಣದ ಟೈಲ್ಸ್ ಬೇಕಾದಾಗ ಕುರ್ಲಾದಲ್ಲಿದ್ದ ಮೋತಿಭಾಯಿಯ ಕಾರಖಾನೆಯಿಂದ ತರುತ್ತಿದ್ದೆ. ಕಾರಖಾನೆ ಎಂದರೆ ಒಂದು ತಗಡಿನ ಶೆಡ್ಡು, ಟೈಲ್ಸ್ ಸುಡುವ ಒಂದು ಭಟ್ಟಿ. ಅಲ್ಲಿ ಚಿತ್ರ ಬರೆಯುತ್ತಿದ್ದವಳು ಬಷೀರಾ.

ಬಷೀರಾ ಬಿಜಾಪುರದವಳು. ಅವಳ ಗಂಡ ಯಾಕೂಬ ಅದೇ ಭಟ್ಟಿ ಕಾಯುತ್ತಿದ್ದ. ಜ್ವರ ಬಂದು ಎಂಟು ದಿನಕ್ಕೆ ತೀರಿಕೊಂಡ. ಗೋರಿಯ ಮಣ್ಣು ಒಣಗುವ ಮೊದಲೇ ಬಷೀರಾ ಮಗಳು ಹಸೀನಾಳನ್ನು ನೆರೆಮನೆಯಲ್ಲಿ ಕೂಡಿಸಿ ಕಾರಖಾನೆಗೆ ಬಂದಳು. ಮೊದಲು ಟೈಲ್ಸ್ ಒರೆಸುವ ಕೆಲಸ. ಆಮೇಲೆ ಅಂಚಿಗೆ ಗೆರೆ ಎಳೆಯುವ ಕೆಲಸ. ನಾಲ್ಕು ವರ್ಷದಲ್ಲಿ ಅವಳ ಕೈಯ ಗಿಳಿ, ಗುಲಾಬಿ, ದ್ರಾಕ್ಷಿ ಗೊಂಚಲು ಇಲ್ಲದೆ ಮೋತಿಭಾಯಿಯ ಒಂದು ಟೈಲೂ ಹೊರಗೆ ಹೋಗುತ್ತಿರಲಿಲ್ಲ.

ಕೈ ಅಷ್ಟು ಮೃದು. ಬಾಯಿ ಮಾತ್ರ ಹಸಿಮೆಣಸಿನಕಾಯಿ.

"ಸಂಡಾಸಕ್ಕ ಕುಂತಾಗ ಕಣ್ಣಿಗೆ ದ್ರಾಕ್ಷಿ ಕಾಣಬೇಕಂತ್ರಿ ಸಿದ್ದಣ್ಣಾ, ಈ ದೊಡ್ಡ ಮಂದಿಗೆ," ಎನ್ನುತ್ತಿದ್ದಳು ಕುಂಚ ಎತ್ತದೆ. ಅವಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಯಾರ ಮೇಲೂ ಗೌರವವೂ ಇರಲಿಲ್ಲ. ಮೋತಿಭಾಯಿ ಹಿಂದೆ ನಿಂತು ಸಲಹೆ ಕೊಟ್ಟರೆ ಬಣ್ಣದ ಬಟ್ಟಲು ಅವನ ಕಡೆ ಸರಿಸಿ ಕುಂಚ ಅವನ ಕೈಗೆ ಕೊಟ್ಟುಬಿಡುತ್ತಿದ್ದಳು. ಆ ಮನುಷ್ಯ ಒಂದು ಸಲ ಹಾಗೆ ಕುಂಚ ಹಿಡಿದು ನಿಂತಿದ್ದನ್ನು ನಾನೇ ನೋಡಿದ್ದೇನೆ. ಬಣ್ಣ ತೊಟ್ಟಿಕ್ಕಿ ಅವನ ಬಿಳಿ ಧೋತರದ ಮೇಲೆ ಬಿತ್ತು. ಮತ್ತೆ ಸಲಹೆ ಕೊಡಲಿಲ್ಲ.

ಅರವತ್ತೊಂಬತ್ತರ ಮಳೆಗಾಲದಲ್ಲಿ ದೀವಾನಚಂದ ಆ ಶೆಡ್ಡಿಗೆ ಬರತೊಡಗಿದ. ಪ್ರತಿ ಭಾನುವಾರ ಬರುವವನು. ಸ್ಟೂಲಿನ ಮೇಲೆ ಕುಳಿತು, ಕಣ್ಣು ಮುಚ್ಚಿ, ಲಾಹೋರು ಹೇಳುವವನು. ಬಷೀರಾ ಖಾಕಿ ಕಾಗದದ ಮೇಲೆ ಇದ್ದಿಲಿನಿಂದ ಗೀಚಿಕೊಳ್ಳಬೇಕು.

"ದೊಡ್ಡ ಮಸೀದಿ. ಅದರ ಮಿನಾರು ಆಸ್ಮಾನಿಗೆ ಮುಟ್ಟಿದೆ," ಎಂದ ಮೊದಲ ದಿನ.

"ಆಸ್ಮಾನ್ ಎಷ್ಟು ಫೂಟಿಗೆ ಶುರು ಆಗ್ತದ ಕೇಳ್ರಿ ಇವರಿಗೆ," ಎಂದಳು ನನಗೆ ಕನ್ನಡದಲ್ಲಿ.

ಮಿನಾರು ನಾಲ್ಕೋ ಎಂಟೋ ಎಂದು ಕೇಳಿದರೆ ಅವನಿಗೆ ಹೇಳಲು ಬರಲಿಲ್ಲ. ಕೋಟೆಯ ಬಾಗಿಲಿಗೆ ಕಮಾನು ಹೇಗಿತ್ತು ಎಂದರೆ ಕೈಯಲ್ಲಿ ಗಾಳಿಯಲ್ಲಿ ಒಂದು ಸುತ್ತು ಸುತ್ತಿ, "ಹೀಗೆ... ಶಾನದಾರ್," ಎಂದ. ಅವನಿಗೆ ನೆನಪಿದ್ದದ್ದು ಗಲ್ಲಿಯ ಮೂಲೆಯ ಹಲ್ವಾಯಿ, ಮಾಳಿಗೆಯ ಮೇಲೆ ಹಾರಿಸಿದ ಹಳದಿ ಗಾಳಿಪಟ, ನದಿಯ ದೋಣಿ, ತನ್ನ ಮನೆಯ ನೀಲಿ ಬಾಗಿಲು. ಆ ಬಾಗಿಲಿನ ಮಾತು ಬಂದಾಗ ತಪ್ಪದೆ ಅತ್ತ.

"ಇಪ್ಪತ್ತೈದು ವರ್ಷ ಒಂದು ಊರಾಗ ಇದ್ದಾನ, ತಲಿ ಎತ್ತಿ ಮ್ಯಾಲ ನೋಡಿಲ್ಲ," ಎಂದಳು ಅವನು ಹೋದ ಮೇಲೆ. "ಹಲ್ವಾ ತಿಂದಾನ, ಪಟ ಹಾರಿಸ್ಯಾನ, ಈಗ ಅಳತಾನ. ಇಂಥಾ ಗುಮ್ಮಟ, ಇಂಥಾ ಕಮಾನು ನಮ್ಮ ಊರಾಗ ಆಡು ಕಟ್ಟಾಕ ಅದಾವ."

ಅದು ಸುಳ್ಳಲ್ಲ. ಬಿಜಾಪುರದಲ್ಲಿ ಅವಳ ಅಪ್ಪನ ಮನೆ ಇದ್ದ ಓಣಿಯಲ್ಲಿ ಬಾದಶಹರ ಕಾಲದ ಹಾಳುಗೋಡೆಗಳಿಗೆ ಒರಗಿಸಿಯೇ ಮನೆ ಕಟ್ಟಿಕೊಂಡಿದ್ದರು. ಹಾಗಾಗಿ ಅವಳು ಅವನ ಬಾಯಿಂದ ಬಾರದ್ದನ್ನೆಲ್ಲ ತನ್ನ ಕಣ್ಣಿನಿಂದ ತುಂಬಿದಳು. ಕೋಟೆಬಾಗಿಲಿಗೆ ಬಿಜಾಪುರದ ಗಗನ ಮಹಲಿನ ಕಮಾನು ಬಂತು. ಮಸೀದಿಯ ಗುಮ್ಮಟದ ಬುಡಕ್ಕೆ ನಮ್ಮ ಕಡೆಯ ಕಮಲದ ಎಸಳು ಬಂದವು. ಕಾಗದ ಬಿಡಿಸಿ ತೋರಿಸಿದ ದಿನ ದೀವಾನಚಂದ ಎದ್ದು ನಿಂತು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ.

"ಇದೇ! ಇದೇ ನನ್ನ ಲಾಹೋರು! ನೀನು ಹೋದ ಜನ್ಮದಲ್ಲಿ ಅಲ್ಲಿದ್ದೆ ಬೆಹೆನ್!"

ಬಷೀರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ತಡೆಯಲಿಕ್ಕೆ.

ಕೊನೆಗೆ ಊರಿನ ಹೆಸರು ಬೇಕೆಂದ. ಉರ್ದುವಿನಲ್ಲೇ ಬೇಕೆಂದ. ಅವನು ಶಾಲೆ ಕಲಿತದ್ದೆಲ್ಲ ಉರ್ದುವಿನಲ್ಲಿ. ದಿನಾ ಓದುತ್ತಿದ್ದ ಪೇಪರು ಕೂಡ ಉರ್ದುವಿನದೇ. ಜೇಬಿನಿಂದ ಪೆನ್ನು ತೆಗೆದು, ಹೋಟೆಲಿನ ಹೆಸರು ಅಚ್ಚಾಗಿದ್ದ ಕಾಗದದ ಮೇಲೆ ಬಲದಿಂದ ಎಡಕ್ಕೆ ಒಂದು ಸಾಲು ಬರೆದು ಕೊಟ್ಟ. "ಲಾಹೋರ್, ನನ್ನ ಊರು" ಎಂದು ಅದರ ಅರ್ಥ. ಬಷೀರಾ ಬಿಜಾಪುರದಲ್ಲಿ ಕಲಿತದ್ದು ಕನ್ನಡ ಶಾಲೆಯಲ್ಲಿ, ನಾಲ್ಕನೆಯ ಇಯತ್ತೆವರೆಗೆ. ಉರ್ದು ಅಕ್ಷರ ಅವಳ ಪಾಲಿಗೆ ಬಳ್ಳಿ ಇದ್ದಂತೆ. ಬಳ್ಳಿಯನ್ನು ನೋಡಿ ಬರೆದ ಹಾಗೆಯೇ ಅದನ್ನು ದೊಡ್ಡದು ಮಾಡಿ ಎಂಟು ಟೈಲ್ಸಿನ ಮೇಲೆ ಇಳಿಸಿದಳು. ಕಾಗದವನ್ನು ಮಡಿಚಿ ಬಣ್ಣದ ಡಬ್ಬಿಯಲ್ಲಿ ಇಟ್ಟಳು. ಭಟ್ಟಿಯಲ್ಲಿ ಯಾವುದಾದರೂ ಸೀಳಿದರೆ ಮತ್ತೆ ಬರೆಯಬೇಕಲ್ಲ.

ಒಟ್ಟು ಆರುನೂರ ನಲವತ್ತೆಂಟು ಟೈಲ್ಸ್. ಪ್ರತಿಯೊಂದರ ಬೆನ್ನಿಗೆ ಕನ್ನಡ ಅಂಕಿಯಲ್ಲಿ ನಂಬರು. ಇಂಗ್ಲಿಷ್ ಅಂಕಿ ಹಾಕು ಎಂದು ಮೋತಿಭಾಯಿ ಹೇಳಿದ್ದಕ್ಕೆ, "ಹಚ್ಚಾವ ನಮ್ಮವ ಅದಾನ," ಎಂದಳಂತೆ. ಹಾಗೆ ಆ ಕೆಲಸ ನನಗೆ ಬಂತು.

ಎಪ್ಪತ್ತರ ಬೇಸಿಗೆ ಪೂರ್ತಿ ಆ ಗೋಡೆಗೆ ಹೋಯಿತು. ಹಚ್ಚುತ್ತ ಹಚ್ಚುತ್ತ ನನಗೆ ಒಂದು ಮಾತು ತಿಳಿಯಿತು. ಇದು ಬಾತ್‌ರೂಮಿನ ದ್ರಾಕ್ಷಿ ಅಲ್ಲ. ಭಟ್ಟಿಗೆ ಹೋಗುವಾಗ ಬೂದಿಯಂತಿದ್ದ ಬಣ್ಣ ಹೊರಬಂದಾಗ ಆಳವಾದ ನೀಲಿ ಆಗಿತ್ತು. ನದಿಯಲ್ಲಿ ಒಂದೊಂದು ತೆರೆಗೂ ಬೇರೆ ನೀಲಿ. ಗಾಳಿಪಟಗಳ ದಾರ ಎಷ್ಟು ಸಣ್ಣ ಎಂದರೆ ಎರಡು ಟೈಲಿನ ನಡುವಿನ ಸಂದು ಕೂದಲೆಳೆ ತಪ್ಪಿದರೂ ಪಟ ಹರಿದುಹೋಗುತ್ತಿತ್ತು. ಲಾಹೋರನ್ನು ಲೇವಡಿ ಮಾಡುತ್ತಲೇ ಆ ಹೆಂಗಸು ಅದನ್ನು ಇಷ್ಟು ಪ್ರೀತಿಯಿಂದ ಬರೆದಿದ್ದಳು. ಮುಗಿದ ದಿನ ಅವಳನ್ನು ಕರೆತಂದು ತೋರಿಸಿದೆ. ಗೋಡೆಯ ಮುಂದೆ ಬಹಳ ಹೊತ್ತು ನಿಂತಳು. "ಮೂರನೇ ದೋಣಿ ಡೊಂಕ ಆಗೇದ," ಎಂದಳು. ಅಷ್ಟೇ.

ಹೋಟೆಲು ತೆರೆದ ದಿನ ದೀವಾನಚಂದ ನಾವಂದುಕೊಂಡ ಹಾಗೆ ನಡೆದುಕೊಳ್ಳಲಿಲ್ಲ. ಹಿಂಬಾಗಿಲಿನಿಂದ ಬಂದು ಅಡಿಗೆಯವರ ಜೊತೆ ಕುಳಿತಿದ್ದ ನಮ್ಮನ್ನು ಹುಡುಕಿಕೊಂಡು ಬಂದ. ಬಷೀರಾಳನ್ನು ಎಲ್ಲರ ಮುಂದೆ ನಿಲ್ಲಿಸಿ, ಅತಿಥಿಗಳಿಗಾಗಿ ತರಿಸಿದ್ದ ಹಾರವನ್ನು ಅವಳ ಕೊರಳಿಗೆ ಹಾಕಿ, "ನನ್ನ ತಂಗಿ. ಕಳೆದುಹೋದ ಊರನ್ನು ನನಗೆ ತಿರುಗಿ ಕೊಟ್ಟವಳು," ಎಂದು ಎಲ್ಲರೆದುರು ಅತ್ತ. ಜನ ಚಪ್ಪಾಳೆ ತಟ್ಟಿದರು. ಆ ವರ್ಷ ರಾಖಿ ಹುಣ್ಣಿಮೆಗೆ ಕಾರು ಕಳಿಸಿ ಅವಳನ್ನು ಕರೆಸಿಕೊಂಡ.

ಹುಣ್ಣಿಮೆಯ ಹಿಂದಿನ ದಿನ ಕುರ್ಲಾ ಬಾಜಾರಿನಲ್ಲಿ ನಾನು ಅವಳನ್ನು ಕಂಡಿದ್ದೆ. ರಾಖಿ ಮಾರುವವನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನನ್ನನ್ನು ನೋಡಿ ನಾಚಿಕೊಂಡಳು. "ಅತ್ತೂ ಅತ್ತೂ ಅಣ್ಣ ಆದ್ನಲ್ರೀ ಪುಣ್ಯಾತ್ಮ. ಏನ್ ಮಾಡೂದು, ಸುಮಾರದ್ದು ಕಟ್ಟಾಕ ಆಗ್ತದೇನು?" ಎಂದಳು. ಆ ವರ್ಷವೂ ಕಟ್ಟಿದಳು, ಮುಂದಿನ ವರ್ಷವೂ ಕಟ್ಟಿದಳು. ಹಸೀನಾ ಅವನನ್ನು ಮಾಮೂ ಎನ್ನತೊಡಗಿದಳು. ಜಗತ್ತಿನಲ್ಲಿ ಯಾರನ್ನೂ ಲೆಕ್ಕಕ್ಕೆ ಇಡದ ಬಷೀರಾ ಅವನೊಬ್ಬನ ಬಗ್ಗೆ ತಮಾಷೆ ಮಾಡುವುದನ್ನು ಬಿಟ್ಟಿದ್ದಳು. ಇದನ್ನು ನಾನು ಯಾಕೆ ಇಷ್ಟು ಹೇಳುತ್ತಿದ್ದೇನೆ ಎಂದರೆ, ಆಮೇಲೆ ಅವಳಿಗೆ ನೋವಾದದ್ದು ಇದಕ್ಕೇ. ಉಳಿದದ್ದಕ್ಕಲ್ಲ.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಬಂತು. ವಿಮಾನಗಳಿಗೆ ಬೆಳಕು ಕಾಣಬಾರದೆಂದು ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿ, ಲೋಕಲ್ ರೈಲಿನ ದೀಪಕ್ಕೆಲ್ಲ ಕಪ್ಪು ಬಳಿದಿದ್ದರು. ಮೂರನೆಯದೋ ನಾಲ್ಕನೆಯದೋ ದಿನ ಬೆಳಿಗ್ಗೆ ರಾವಿ ಹೋಟೆಲಿನ ಮುಂದೆ ಜನ ಸೇರಿದರು. ಒಂದೂವರೆ ವರ್ಷ ಅದೇ ಗೋಡೆಯ ಕೆಳಗೆ ಕುಳಿತು ಛೋಲೆ-ಭಟೂರೆ ಬಾರಿಸಿದ ಜನವೇ. ಎದುರಿನ ಪೀಠೋಪಕರಣದ ಅಂಗಡಿಯವನಂತೂ ತನ್ನ ಮಗಳ ನಿಶ್ಚಯವನ್ನು ಆ ಗೋಡೆಯ ಮುಂದೆಯೇ ಮಾಡಿ ಫೋಟೋ ತೆಗೆಸಿದವನು. ಈಗ ಅವನೇ ಮುಂದೆ ನಿಂತು, "ದುಷ್ಮನ್ನರ ಊರನ್ನು ಬಾಗಿಲಲ್ಲಿ ಇಟ್ಟುಕೊಂಡಿದ್ದಾನೆ," ಎಂದು ಕೂಗಿದನಂತೆ. ಕಲ್ಲು ಬೀಳಲಿಲ್ಲ, ಗಾಜು ಒಡೆಯಲಿಲ್ಲ. ಬರೀ ಕೂಗಿದರು. ಪೊಲೀಸರು ಬಂದು ವಿಚಾರಿಸಿದರು.

ದೀವಾನಚಂದ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಅಲ್ಲಿ ಹುಟ್ಟಿದವನು, ಅಲ್ಲಿಂದ ಓಡಿಸಿಕೊಂಡು ಬಂದವನು, ನನ್ನ ಊರು ನನಗೆ ನೆನಪಾಗುತ್ತದೆ ಎಂದಿದ್ದರೆ ಆ ಜನರಲ್ಲಿ ಅರ್ಧ ಜನ ತಲೆ ತಗ್ಗಿಸುತ್ತಿದ್ದರು. ಮಾತುಮಾತಿಗೆ ಅಳುತ್ತಿದ್ದ ಮನುಷ್ಯ ಅವತ್ತು ಮಾತ್ರ ಅಳಲಿಲ್ಲ. "ನಾನು ಆಗ್ರಾ ಮಾಡು ಎಂದಿದ್ದೆ. ಕುರ್ಲಾದ ಆ ಮುಸಲ್ಮಾನ ಹೆಂಗಸು ತನ್ನ ಮನಸ್ಸಿಗೆ ಬಂದ ಹಾಗೆ ಲಾಹೋರು ಮಾಡಿದಳು. ಅಕ್ಷರ ಏನು ಬರೆದಿದ್ದಾಳೋ ನನಗೇನು ಗೊತ್ತು," ಎಂದ.

ಮಾರನೆಯ ದಿನ ಕುರ್ಲಾದ ಶೆಡ್ಡಿಗೆ ಒಬ್ಬ ಹವಾಲ್ದಾರ ಬಂದ. ನಾನು ಟೈಲ್ಸ್ ಒಯ್ಯಲು ಹೋದವನು ಅಲ್ಲೇ ಇದ್ದೆ. ಬಷೀರಾ ಯಾರು ಎಂದು ಕೇಳಿದ. ಆ ಹೊತ್ತಿಗೆ ಮೋತಿಭಾಯಿಗೆ ಭಟ್ಟಿಯ ಹಿಂದೆ ಏನೋ ಜರೂರಿ ಕೆಲಸ ನೆನಪಾಯಿತು. ನಾವು ಹೋಗುವವರೆಗೂ ಈಚೆ ಬರಲಿಲ್ಲ.

"ನಾನೂ ಬರ್ತೀನಿ ತಂಗಿ," ಎಂದೆ.

"ಬರ್ರಿ. ಕೈ ತೊಳಕೊಂಡ ಬರ್ತೀನಿ," ಎಂದಳು. ಉಗುರಿನ ಸಂದಿಯ ಬಣ್ಣ ಹೋಗುವವರೆಗೆ ತಿಕ್ಕಿ ತೊಳೆದಳು. ಬಣ್ಣದ ಡಬ್ಬಿಯಿಂದ ಏನೋ ತೆಗೆದು ಕುಪ್ಪಸದೊಳಗೆ ಇಟ್ಟುಕೊಂಡಳು.

ಚೌಕಿಯಲ್ಲಿದ್ದ ಇನ್‌ಸ್ಪೆಕ್ಟರು ಮರಾಠಿಯವರು. ಯುದ್ಧದ ಡ್ಯೂಟಿಯಿಂದ ಕಣ್ಣು ಕೆಂಪಾಗಿದ್ದವು. ಹೋಟೆಲಿನವನು ಕೊಟ್ಟ ಹೇಳಿಕೆಯನ್ನು ಓದಿ ಹೇಳಿದರು. ಬಷೀರಾ ಮೊದಲ ಸಲ ಅದನ್ನು ಕೇಳಿದ್ದು ಅಲ್ಲೇ. "ಇನ್ನೊಮ್ಮೆ ಓದಿ ಸಾಹೇಬ್," ಎಂದಳು ಹಿಂದಿಯಲ್ಲಿ. ಅವರು ಇನ್ನೊಮ್ಮೆ ಓದಿದರು.

"ನೀನು ಯಾಕೆ ಲಾಹೋರ್ ಎಂದು ಬರೆದೆ?"

"ಅವರು ಬರೆದುಕೊಟ್ಟದ್ದನ್ನು ನೋಡಿ ಚಿತ್ರದಂತೆ ಇಳಿಸಿದೆ. ನನಗೆ ಆ ಅಕ್ಷರ ಬರುವುದಿಲ್ಲ."

"ಮುಸಲ್ಮಾನಳಾಗಿ ಉರ್ದು ಬರುವುದಿಲ್ಲವಾ?"

"ಬಾಯಿಗೆ ಬರುತ್ತದೆ, ಕೈಗೆ ಬರುವುದಿಲ್ಲ. ನಮಾಜೂ ನನಗೆ ಬಾಯಿಪಾಠವೇ."

ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಅವಳು ಹೇಳಿದ್ದನ್ನು ಬರೆದುಕೊಂಡು ಕಾಗದ ಮುಂದೆ ಸರಿಸಿದರು. "ಸಹಿ ಮಾಡು. ಬರದಿದ್ದರೆ ಹೆಬ್ಬೆಟ್ಟು ಒತ್ತು."

ಬಷೀರಾ ಪೆನ್ನು ತೆಗೆದುಕೊಂಡು ದುಂಡಗೆ, ಒತ್ತಕ್ಷರವೂ ತಪ್ಪದೆ ಬರೆದಳು: ಬಷೀರಾ ಯಾಕೂಬ ನದಾಫ, ಸಾಕಿನ್ ಬಿಜಾಪುರ, ಹಾಲಿ ವಸ್ತಿ ಕುರ್ಲಾ.

ಇನ್‌ಸ್ಪೆಕ್ಟರು ಕಾಗದ ತಿರುಗಿಸಿ ನೋಡಿದರು. "ಹೇ ಕಾಯ್? ಕಾನಡಿ?" ಎಂದರು. ನನ್ನ ಕಡೆ ನೋಡಿದರು. ನಾನು ಹೌದೆಂದೆ. ಅವರ ಆಯಾಸದ ಮುಖದಲ್ಲಿ ನಗುವಿನಂಥದ್ದು ಬಂದು ಹೋಯಿತು. "ಜಾ ಬಾಯಿ, ಘರೀ ಜಾ," ಎಂದರು. ಮುಗಿಯಿತು. ಆ ಮೇಲೆ ಪೊಲೀಸರು ಅವಳನ್ನು ಎಂದೂ ಕರೆಯಲಿಲ್ಲ.

ಹೊರಗೆ ಬಂದ ಮೇಲೆ ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅವಳು ಕುಪ್ಪಸದಿಂದ ಆ ಮಡಿಚಿದ ಕಾಗದ ತೆಗೆದಳು. ದೀವಾನಚಂದನ ಕೈಬರಹ, ಮೇಲೆ ಹೋಟೆಲಿನ ಹೆಸರು.

"ಇದನ್ನ ಯಾಕ ತೋರಿಸ್ಲಿಲ್ಲ ಅವರಿಗೆ?" ಎಂದೆ.

"ಪೊಲೀಸರ ಮುಂದ ತೋರಿಸಿ ಅವನ್ನ ಹಿಡಿಸಿಕೊಡಾಕ ಅವ ಅಷ್ಟು ದೊಡ್ಡ ಮನಿಶ್ಯಾ ಏನ್ರಿ?" ಎಂದಳು. "ನಡೀರಿ ಅಂಧೇರಿಗೆ."

ನಾವು ಹೋದಾಗ ಊಟದ ಹೊತ್ತು. ಹೋಟೆಲು ತುಂಬಿತ್ತು. ಗೋಡೆಯ ಮೇಲೆ ಕಿಟಕಿಗಳಿಗೆ ತಂದ ಕಪ್ಪು ಬಟ್ಟೆಯನ್ನೇ ಹೊಲಿದು ಇಳಿಬಿಟ್ಟಿದ್ದರು. ಗಲ್ಲೆಯ ಮೇಲೆ ದೀವಾನಚಂದ ಉರ್ದು ಪೇಪರು ಹರಡಿಕೊಂಡು ಯುದ್ಧದ ಸುದ್ದಿ ಓದುತ್ತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಶೀಲಾವತಿ ಬಡೇಸೋಪಿನ ಬಟ್ಟಲು ತುಂಬುತ್ತ ಕುಳಿತಿದ್ದರು. ನಮ್ಮನ್ನು ಕಂಡ ಕೂಡಲೇ ಅವನು ಪೇಪರನ್ನು ಮಡಿಚಿ ತೊಡೆಯ ಕೆಳಗೆ ತುರುಕಿಕೊಂಡ.

ಬಷೀರಾ ಕಾಗದವನ್ನು ಗಲ್ಲೆಯ ಮೇಲೆ ಇಟ್ಟು, ಅಂಗೈಯಿಂದ ನೀವಿ ಸಪಾಟು ಮಾಡಿದಳು.

"ಭಾಯೀಜಾನ್, ಇದನ್ನು ಸ್ವಲ್ಪ ಓದಿ ಹೇಳಿ. ನನಗೆ ಬರುವುದಿಲ್ಲ."

ಹತ್ತಿರದ ಮೇಜಿನವರು ಈ ಕಡೆ ತಿರುಗಿದರು. ಅವರಲ್ಲಿ ಆ ಪೀಠೋಪಕರಣದ ಅಂಗಡಿಯವನೂ ಇದ್ದ. ನಿನ್ನೆ ಕೂಗಿದವನು ಇವತ್ತು ಅದೇ ಹೋಟೆಲಿನಲ್ಲಿ ಪನೀರು ತಿನ್ನುತ್ತಿದ್ದ. ದೀವಾನಚಂದ ಅವನ ಕಡೆ ನೋಡಿದ, ಕಾಗದ ನೋಡಿದ, ಬಷೀರಾಳ ಮುಖ ಮಾತ್ರ ನೋಡಲಿಲ್ಲ.

"ನನಗೆ ಉರ್ದು ಓದಲು ಬರುವುದಿಲ್ಲ," ಎಂದ.

ಶೀಲಾವತಿಯ ಕೈ ಬಟ್ಟಲಿನಲ್ಲೇ ನಿಂತಿತು. ಆ ತಾಯಿ ಅದೇ ಲಾಹೋರಿನ ಅದೇ ಗಲ್ಲಿಯವರು. ಗಂಡನನ್ನು ಒಮ್ಮೆ ನೋಡಿ, ಬಡೇಸೋಪಿನ ಡಬ್ಬಿಯ ಮುಚ್ಚಳ ಹಾಕಿ, ಎದ್ದು ಒಳಗೆ ಹೋದರು.

ಅಲ್ಲಿಯವರೆಗೆ ಅವನಿಗೆ ಆಪ್ ಎಂದು ಬಹುವಚನ ಹಚ್ಚುತ್ತಿದ್ದ ಬಷೀರಾ ಆಗ ತೂ ಎಂದು ಏಕವಚನಕ್ಕೆ ಇಳಿದಳು. "ನಿನಗೆ ಓದಲು ಬರುವುದಿಲ್ಲ, ನನಗೆ ಬರೆಯಲು ಬರುವುದಿಲ್ಲ. ಹಾಗಾದರೆ ಗೋಡೆಯ ಮೇಲೆ ಬರೆದವರು ಯಾರೋ?"

ಯಾರೋ ಒಬ್ಬರು ನಕ್ಕರು. ಆಗ ಬಂತು ದೀವಾನಚಂದನಿಗೆ ಅಳು. ಕಣ್ಣು ತುಂಬಿಕೊಂಡು, "ಬೆಹೆನ್, ನನಗೆ ಹೆಂಡತಿ ಮಕ್ಕಳಿದ್ದಾರೆ, ಧಂದೆ ಇದೆ..." ಎಂದು ಪಿಸುಗುಟ್ಟಿದ.

ಬಷೀರಾ ಕಾಗದವನ್ನು ಅಲ್ಲೇ ಬಿಟ್ಟು ತಿರುಗಿದಳು. ಸ್ಟೇಷನ್ನಿಗೆ ನಡೆದೆವು. ಪ್ಲಾಟ್‌ಫಾರ್ಮಿನ ಮೇಲೆ ನಿಂತು, "ರಾಖಿ ಆರಿಸಾಕ ಅರ್ಧಾ ತಾಸು ಕುಂತಿದ್ನಿರಿ ಸಿದ್ದಣ್ಣಾ," ಎಂದಳು. "ಹುಚ್ಚ ಹಡಬಿ ನಾನು." ಎರಡೂ ಅಂಗೈಯಿಂದ ಮುಖ ಗಟ್ಟಿಯಾಗಿ ಉಜ್ಜಿಕೊಂಡಳು. ಅಳಲಿಲ್ಲ. ಅಳು ಎಂಬ ಪದಾರ್ಥದ ಮೇಲೆಯೇ ಅವಳಿಗೆ ಹೇಸಿಗೆ ಬಂದಿತ್ತು ಎಂದು ನನಗೆ ತೋರಿತು.

ಯುದ್ಧ ಹದಿನೈದು ದಿನದೊಳಗೆ ಮುಗಿಯಿತು. ದೀವಾನಚಂದನ ಪುಕ್ಕಲುತನ ಮುಗಿಯಲಿಲ್ಲ. ಮೊದಲು ಹೋಟೆಲಿನ ಹಿಂದಿ ಬೋರ್ಡಿನಲ್ಲಿ ರಾವಿ ಇದ್ದದ್ದನ್ನು ದೀರ್ಘ ಕೆರೆದು ರವಿ ಮಾಡಿಸಿದ. ರವಿ ಎಂದರೆ ಸೂರ್ಯ, ಸೂರ್ಯನಿಗೆ ಯಾವ ದೇಶವೂ ಇಲ್ಲವಲ್ಲ. ಇಂಗ್ಲಿಷ್ ಬೋರ್ಡಿಗೆ ಖರ್ಚೇ ಬರಲಿಲ್ಲ, ಎರಡಕ್ಕೂ ಅವೇ ಅಕ್ಷರ. ಜನವರಿಯಲ್ಲಿ ಪೇಢೆಯ ಡಬ್ಬಿ ಹಿಡಿದುಕೊಂಡು ಕುರ್ಲಾಕ್ಕೆ ಬಂದ. ಡಬ್ಬಿಯ ಮುಚ್ಚಳದ ಮೇಲೆ ತಾಜಮಹಲಿನ ಚಿತ್ರವಿತ್ತು. ಅದನ್ನು ಬಷೀರಾಳ ಮುಂದಿಟ್ಟು ಬೆರಳಿನಿಂದ ತೋರಿಸಿದ.

"ನದಿಯ ದಂಡೆಯಲ್ಲಿ ಇದೊಂದು ಬರಲಿ. ಹೆಸರಿನ ಜಾಗದಲ್ಲಿ ಆಗ್ರಾ ಎಂದು ಬರಲಿ. ಉಳಿದದ್ದೆಲ್ಲ ಹಾಗೇ ಇರಲಿ. ಅದೂ ಮೊಗಲರ ಊರೇ, ಇದೂ ಮೊಗಲರ ಊರೇ. ನೋಡುವವರಿಗೆ ಏನು ತಿಳಿಯುತ್ತದೆ?"

ಬಷೀರಾ ಡಬ್ಬಿ ತೆರೆದಳು. ಅಲ್ಲಿದ್ದವರಿಗೆಲ್ಲ ಒಂದೊಂದು ಪೇಢೆ ಹಂಚಿದಳು, ನನಗೂ ಕೊಟ್ಟಳು. ಖಾಲಿ ಡಬ್ಬಿಯನ್ನು ಮುಚ್ಚಳ ಹಾಕಿ ಅವನ ಕೈಗೆ ಕೊಟ್ಟು, ಅರ್ಧಕ್ಕೆ ಬಿಟ್ಟಿದ್ದ ಗಿಳಿಯ ರೆಕ್ಕೆಗೆ ಹಸಿರು ತುಂಬತೊಡಗಿದಳು. ಅವನು ಇನ್ನೂ ಏನೇನೋ ಹೇಳುತ್ತ ನಿಂತಿದ್ದ. ಅವಳಿಗೆ ಅವನು ಅಲ್ಲಿರಲೇ ಇಲ್ಲ. ಕೊನೆಗೆ ತಾನಾಗಿ ಹೋದ.

ಆಮೇಲೆ ಅವನು ಬಂದದ್ದು ನನ್ನ ಹತ್ತಿರ. ಟೈಲ್ಸ್ ಬೇರೆ ಕಡೆ ಬರೆಸಿದ್ದೇನೆ, ಹಳೆಯದನ್ನು ತೆಗೆದು ಇದನ್ನು ಹಚ್ಚಿಕೊಡು ಎಂದ.

ನಾನು ಒಪ್ಪಿಕೊಂಡೆ. ಬೇರೆ ಮಿಸ್ತ್ರಿ ಬಂದರೆ ಸುತ್ತಲಿನ ನಾಲ್ಕು ಟೈಲ್ಸ್ ಸೀಳುತ್ತಾನೆ, ನಾನಾದರೆ ಉಳಿದದ್ದನ್ನು ಉಳಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಇದು ಸುಳ್ಳೇನಲ್ಲ. ಆದರೆ ಎದುರಿಗಿದ್ದ ಮನುಷ್ಯನಿಗೆ ಆಗುವುದಿಲ್ಲ ಎನ್ನುವ ಧೈರ್ಯ ನನಗೆ ಆಗಲಿಲ್ಲ ಎಂಬುದು ಅದಕ್ಕಿಂತ ಹೆಚ್ಚು ನಿಜ. ದೀವಾನಚಂದನನ್ನು ಹೇಡಿ ಎಂದು ದಹಿಸರಿನ ಚಾಳಿನಲ್ಲೆಲ್ಲ ಹೇಳಿಕೊಂಡು ಬಂದವನು ನಾನು. ಸಣ್ಣ ಉಳಿ, ಸುತ್ತಿಗೆ ತೆಗೆದುಕೊಂಡು ಹೋಗಿ, ನನ್ನ ಕೈಯಿಂದಲೇ ಹಚ್ಚಿದ್ದನ್ನು ನನ್ನ ಕೈಯಿಂದಲೇ ಕಿತ್ತೆ. ಹೆಸರಿನ ಎಂಟು ಟೈಲ್ಸಿನಲ್ಲಿ ಐದು ಇಡಿಯಾಗಿ ಬಂದವು. ನದಿಯ ದಂಡೆಯ ಹನ್ನೆರಡರಲ್ಲಿ ಒಂದೂ ಉಳಿಯಲಿಲ್ಲ.

ಹೊಸ ಟೈಲ್ಸಿನ ಬಿಳುಪೇ ಬೇರೆ. ಲಾಹೋರಿನ ದೋಣಿಗಳ ನಡುವೆ ಆ ತಾಜಮಹಲು ಒಗೆದು ಹರವಿದ ಚಾದರದಂತೆ ನಿಂತಿತು. ಬಿಜಾಪುರದ ಕಮಾನು, ಲಾಹೋರಿನ ಗಾಳಿಪಟ, ಪೇಢೆ ಡಬ್ಬಿಯ ತಾಜಮಹಲು. ಕೆಳಗೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಆಗ್ರಾ. ನಾನು ಸಂದುಗಳನ್ನು ಒರೆಸುತ್ತಿರುವಾಗಲೇ ಅಹಮದಾಬಾದಿನ ಕಡೆಯ ಒಂದು ಕುಟುಂಬ ಊಟಕ್ಕೆ ಬಂತು. ಹೆಂಗಸರು ಗೋಡೆಯ ಮುಂದೆ ನಿಂತು ವಾಹ್ ಎಂದರು. ಹಿರಿಯರೊಬ್ಬರು, "ಸೇಠ್, ನಿಮ್ಮದು ಆಗ್ರಾನಾ?" ಎಂದು ಕೇಳಿದರು.

"ನಮ್ಮ ಮನೆಯ ನೀಲಿ ಬಾಗಿಲು ತೆರೆದರೆ ತಾಜಮಹಲು ಕಾಣುತ್ತಿತ್ತು," ಎಂದ ದೀವಾನಚಂದ. ಕರವಸ್ತ್ರ ಹೊರಬಂತು. ಏಣಿಯ ಮೇಲೆ ನಿಂತಿದ್ದ ನನಗೆ ಅವನ ಮುಖ ಸರಿಯಾಗಿ ಕಾಣುತ್ತಿತ್ತು. ಅದು ನಾಟಕವಾಗಿದ್ದರೆ ಪರವಾಗಿರಲಿಲ್ಲ. ನಿಜವಾದ ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು.

ಐದು ಟೈಲ್ಸನ್ನು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಮರುದಿನ ಕುರ್ಲಾಕ್ಕೆ ಹೋದೆ. ಬಷೀರಾ ರಜೆಯ ದಿನವಾದ್ದರಿಂದ ಮನೆಯಲ್ಲೇ ಇದ್ದಳು. ಹೊರಗಿನ ಮೋರಿಯ ಹತ್ತಿರ ಹಸೀನಾ ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ಕಂಡು, "ಚಾಯ್ ಪೀತೆ ಕಾಕಾ?" ಎಂದಳು. ಆ ಹುಡುಗಿಗೆ ಕನ್ನಡ ತಿಳಿಯುತ್ತಿತ್ತು, ನಾಲಗೆ ಮಾತ್ರ ತಿರುಗುತ್ತಿರಲಿಲ್ಲ. ನಾನು ತಟ್ಟು ಬಿಚ್ಚಿದೆ. ನಡೆದದ್ದನ್ನೆಲ್ಲ ಹೇಳಿದೆ, ನೀಲಿ ಬಾಗಿಲಿನ ಮಾತನ್ನೂ ಹೇಳಿದೆ. ಅವಳು ನಗಬಹುದು ಎಂದುಕೊಂಡಿದ್ದೆ. ನಗಲಿಲ್ಲ.

ಟೈಲ್ಸನ್ನು ಒಂದೊಂದಾಗಿ ಎತ್ತಿ ನೋಡಿದಳು. ಬೆನ್ನಿನ ಸಿಮೆಂಟನ್ನು ಉಗುರಿನಿಂದ ಕೆರೆದಳು. ಮೋರಿಯ ಪಕ್ಕದ ನೀರಿನ ಡ್ರಮ್ಮು ಒಂದು ಕಡೆ ವಾಲಿ ನಿಂತಿತ್ತು. "ಹಸೀನಾ, ಹಿಡಿ ಇದನ್ನ," ಎಂದು ಡ್ರಮ್ಮನ್ನು ಓರೆ ಮಾಡಿಸಿ, ತಗ್ಗಿದ್ದ ಕಡೆ ಎರಡು ಟೈಲ್ಸ್ ಅಡಿಗೆ ಇಟ್ಟಳು. ಸಾಲದ್ದಕ್ಕೆ ಮೂರನೆಯದನ್ನೂ ಇಟ್ಟಳು. ಡ್ರಮ್ಮು ನೆಟ್ಟಗಾಯಿತು. ಉಳಿದ ಎರಡನ್ನು ಗೋಡೆಗೆ ಒರಗಿಸಿ ಕೈ ಜಾಡಿಸಿಕೊಂಡಳು.

"ಅಲ್ಲವ್ವಾ ತಂಗಿ, ನಿನ್ನ ಕೈಯಾಂದು..." ಎಂದೆ.

"ನನ್ನ ಕೈಯಾಂದ ಅಂತನೇ ಅಲ್ಲೇನ್ರಿ ಉಪಯೋಗಕ್ಕ ಬಂತು," ಎಂದಳು.

ಚಹಾ ಬಂತು. ಕುಡಿಯುವಾಗ ಅವಳು ಬೇರೆ ಮಾತು ತೆಗೆದಳು. ಮಾಟುಂಗಾದಲ್ಲಿ ಒಬ್ಬ ಸಾಹುಕಾರನಿಗೆ ಬಾತ್‌ರೂಮಿನಲ್ಲಿ ನವಿಲು ಬೇಕಂತೆ, ಬಾಗಿಲಿನ ತನಕ ಗರಿ ಹರಡಿರಬೇಕಂತೆ. ನಾನು ಹೂಂ ಎನ್ನುತ್ತಿದ್ದೆ. ಕಪ್ಪು-ಬಸಿ ಕೆಳಗಿಟ್ಟು ನಾನು ಏಳುವ ಹೊತ್ತಿಗೆ ಕೇಳಿದಳು:

"ಆಗ್ರಾಕ್ಕ ಸಿಮೆಂಟ್ ಎಷ್ಟು ಹಾಕಿದ್ರಿ?"

"ಒಂದಕ್ಕ ಮೂರು ಉಸುಕು," ಎಂದೆ. "ಟೈಲ್ಸ್ ನೀರಾಗ ಒಂದಿನ ಪೂರಾ ನೆನೆಸಿ ಹಚ್ಚೀನಿ."

"ಹಂಗಾರ ಗಟ್ಟಿ ಕುಂತದ," ಎಂದಳು ಬಷೀರಾ. "ನಿಮ್ಮ ಕೆಲಸ ಯಾವತ್ತೂ ಸ್ವಚ್ಛ. ನೀವು ಸತ್ತ ಮ್ಯಾಲೂ ಬೀಳೂದಿಲ್ಲ."

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಸ್ಟೇಷನ್ನು ಸೇರುವವರೆಗೂ ಹಿಂತಿರುಗಿ ನೋಡಲಿಲ್ಲ.